ಬಬಲೇಶ್ವರದ ತುಪ್ಪದ ಡಬ್ಬಿ

ನನ್ನ ಮೊಮ್ಮಗಳು ಹೆಣ್ಣುಮಕ್ಕಳಿಗೆ ಕುಸ್ತಿ ಕಲಿಸುವ ಕೆಲಸಕ್ಕೆ ಸೇರಿದ್ದಾಳೆ. ಸುದ್ದಿ ಕೇಳಿದ ದಿನದಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಓಣಿಯ ಎಲ್ಲ ಮನೆಗೂ ಸಕ್ಕರೆ ಹಂಚಿದೆ. ಹಂಚಿದ್ದು ಮರೆತು ಅದೇ ಮನೆಗಳಿಗೆ ಮತ್ತೊಮ್ಮೆ ಹಂಚಿದೆ. ಹಾಲಿನವನನ್ನು ನಿಲ್ಲಿಸಿ ಹೇಳಿದೆ, ಲೈಟ್ ಬಿಲ್ಲು ಕೊಡಲು ಬಂದವನಿಗೂ ಹೇಳಿದೆ. ಅವನು ಪಾಪ, ಬಿಲ್ಲು ಕೈಯಲ್ಲಿ ಹಿಡಿದುಕೊಂಡು ಎಲ್ಲ ಕೇಳಿ, ಛಲೋ ಆತು ಬಿಡ್ರಿ ಅಂದು ಹೋದ.

ಅವಳ ಫೋನಿನೊಳಗೆ ಆ ಹುಡುಗಿಯರ ತಾಯಂದಿರ ದನಿ ಬರುತ್ತದೆ. ಒಬ್ಬಳು ಮಗಳಿಗೆ ಮೊಣಕಾಲು ನೋವು ಅನ್ನುತ್ತಾಳೆ, ಇನ್ನೊಬ್ಬಳು ದಿನಕ್ಕೆ ಎಷ್ಟು ಮೊಟ್ಟೆ ಕೊಡಲಿ ಅನ್ನುತ್ತಾಳೆ. ಮೊಮ್ಮಗಳು ಒಬ್ಬೊಬ್ಬರಿಗೂ ಸಮಾಧಾನವಾಗಿ ಉತ್ತರ ಕೊಡುತ್ತಾಳೆ. ಮೊನ್ನೆ ಹಾಗೆ ಮಾತಾಡಿ ಮುಗಿಸಿ ನನ್ನ ಕಡೆ ತಿರುಗಿ, “ಆಯಿ, ನಿನಗ ಇದು ಭಾಳ ಚಂದ ಬರತಿತ್ತಂತ. ಅಜ್ಜನ ಗರಡ್ಯಾಗ ಒಬ್ಬ ತಾಯೀನೂ ಮುನಿಸಿಕೊಂಡು ಹೋಗಿಲ್ಲಂತ. ನನಗೂ ಒಂದೀಟು ಕಲಸ” ಅಂದಳು.

ನಾನು ನಕ್ಕೆ. ಆಮೇಲೆ ಒಳಗೆ ಹೋಗಿ ನೀರಿನ ಕೊಡದ ಮುಂದೆ ಸುಮ್ಮನೆ ನಿಂತೆ. ಒಬ್ಬ ತಾಯಿ ಹೋಗಿದ್ದಳು. ಮಗನ ಕೈ ಹಿಡಿದುಕೊಂಡು, ತಲೆ ತಗ್ಗಿಸಿ ಹೋಗಿದ್ದಳು. ಹಾಗೆ ಮಾಡಿದವಳು ನಾನು. ನಾನು ಓದಿದ್ದು ಮೂರನೆಯ ಇಯತ್ತೆ, ಅಕ್ಷರ ಸೊಟ್ಟ ಬರುತ್ತವೆ. ಆದರೂ ಬರೆಯುತ್ತೇನೆ. ಮೊಮ್ಮಗಳ ಮುಖ ನೋಡಿಕೊಂಡು ಬಾಯಿಂದ ಹೇಳುವುದು ನನ್ನಿಂದ ಆಗಲಿಲ್ಲ.

ಎಪ್ಪತ್ತರ ದಶಕದ ನಡುವಿನ ವರ್ಷಗಳು. ಊರನ್ನು ಆಗ ನಾವೆಲ್ಲ ವಿಜಾಪುರ ಅನ್ನುತ್ತಿದ್ದೆವು. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನನ್ನ ಗಂಡ ಗರಡಿ ನಡೆಸುತ್ತಿದ್ದರು. ಕುಸ್ತಿ ಕಲಿಸುವ ಅವರನ್ನು ಎಲ್ಲರೂ ವಸ್ತಾದರು ಅಂತ ಕರೆಯುತ್ತಿದ್ದರು. ಊರಿನ ಹುಡುಗರು ಬೆಳಗ್ಗೆ ಬಂದು ಹೋಗುತ್ತಿದ್ದರು. ತಿಕೋಟಾ, ಬಬಲೇಶ್ವರ, ಕಳ್ಳಕವಟಗಿ ಕಡೆಯ ಆರು ಹುಡುಗರು ಮಾತ್ರ ನಮ್ಮ ಮನೆಯ ಪಡಸಾಲೆಯಲ್ಲೇ ಇರುತ್ತಿದ್ದರು. ನಮ್ಮ ಮನೆಗೂ ಗರಡಿಗೂ ನಡುವೆ ಒಂದೇ ಗೋಡೆ. ಆದರೂ ಆ ಗೋಡೆಯ ಆಚೆ ನಾನು ಒಂದು ದಿನವೂ ಕಾಲಿಟ್ಟವಳಲ್ಲ. ಹೆಂಗಸರು ಗರಡಿಯ ಮಣ್ಣು ತುಳಿಯಬಾರದು ಅನ್ನುವುದು ಕಟ್ಟುನಿಟ್ಟು.

ಹಾಗಾಗಿ ತಾಯಂದಿರ ಮಾತೆಲ್ಲ ನನ್ನ ಕಟ್ಟೆಗೆ ಬರುತ್ತಿತ್ತು. ತಾಯಂದಿರೇ ಬರುತ್ತಿದ್ದುದು ಅಪರೂಪ. ಬರುತ್ತಿದ್ದುದು ಅವರ ಬುತ್ತಿ. ಹಳ್ಳಿಯಿಂದ ಓದಲು ಬಂದ ಹುಡುಗರಿಗೆ ಬರುವ ಹಾಗೆಯೇ ನಮ್ಮ ಹುಡುಗರಿಗೂ ದಿನಾ ಬಸ್ಸಿನಲ್ಲಿ ರೊಟ್ಟಿಯ ಗಂಟು ಬರುತ್ತಿತ್ತು. ಬಸ್‌ಸ್ಟ್ಯಾಂಡಿನಿಂದ ಅವನ್ನು ಸೈಕಲ್ಲಿಗೆ ಕಟ್ಟಿಕೊಂಡು ಮನೆಮನೆಗೆ ಮುಟ್ಟಿಸುವ ಒಬ್ಬ ಮುದುಕ ಇದ್ದ. ಕಂಡಕ್ಟರನ ಬಾಯಿಂದ ಬಂದ ಮಾತನ್ನು ಅವನು ನನಗೆ ಮುಟ್ಟಿಸುತ್ತಿದ್ದ, ನನ್ನ ಮಾತನ್ನು ಹಿಂದಿರುಗುವ ಬಸ್ಸಿಗೆ ಮುಟ್ಟಿಸುತ್ತಿದ್ದ.

ಆ ಗಂಟುಗಳನ್ನು ಓದುವುದರಲ್ಲಿ ನನಗೆ ಹೆಮ್ಮೆ ಇತ್ತು. ಹೆಚ್ಚು ಓದದವಳಿಗೆ ಅದೇ ಒಂದು ಓದು. ತಿಕೋಟಾದ ಒಬ್ಬ ಹುಡುಗನ ರೊಟ್ಟಿ ಒಂದು ವಾರ ಸೀದು ದಪ್ಪಗೆ ಬಂದವು. ಅವನ ತಾಯಿ ಹಾಸಿಗೆ ಹಿಡಿದಿದ್ದಾಳೆ, ಸಣ್ಣ ಹುಡುಗಿ ಯಾರೋ ರೊಟ್ಟಿ ಬಡಿಯುತ್ತಿದ್ದಾಳೆ ಅಂದುಕೊಂಡೆ, ಮುದುಕನ ಕೈಯಲ್ಲಿ ವಿಚಾರಿಸಿದೆ. ಹಾಗೇ ಇತ್ತು. ಅವಳು ಎದ್ದ ಮೇಲೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಹುಡುಗನಿಗೆ ಜ್ವರ ಬಂದರೆ, ಹೆಗಲು ಉಳುಕಿದರೆ, ತಾಯಿಗೆ ಅಂಜಿಕೆ ಆಗದ ಹಾಗೆ ಏನು ಹೇಳಬೇಕು, ಎಷ್ಟು ಹೇಳಬೇಕು ಅನ್ನುವುದು ನನಗೆ ತಿಳಿಯುತ್ತಿತ್ತು. ಖಾಲಿ ಪಾತ್ರೆಯನ್ನು ಖಾಲಿಯಾಗಿ ಹಿಂದೆ ಕಳಿಸಬಾರದಲ್ಲ. ಅದಕ್ಕೆ ಹಣಮಪ್ಪನ ಪಟದ ಮುಂದಿಟ್ಟ ಗರಡಿಯ ಕೆಂಪು ಮಣ್ಣನ್ನು ಒಂದು ಚಿಟಿಕೆ ಕಾಗದದಲ್ಲಿ ಸುತ್ತಿ ಇಡುತ್ತಿದ್ದೆ. ಗಂಡ ಒಳಗಿಂದ ತಂದುಕೊಡುತ್ತಿದ್ದರು. ತಾಯಂದಿರು ಅದನ್ನು ಅಂಗಾರದ ಹಾಗೆ ಹಣೆಗೆ ಹಚ್ಚಿಕೊಳ್ಳುತ್ತಿದ್ದರು.

ರೊಟ್ಟಿ ದಿನಾ ಬಂದರೆ ತುಪ್ಪ ಸೋಮವಾರಕ್ಕೊಮ್ಮೆ. ಎಲ್ಲರಿಗಿಂತ ದೊಡ್ಡ ಡಬ್ಬಿ ಬಬಲೇಶ್ವರದ ಹುಡುಗನದು. ಹಿತ್ತಾಳೆಯದು, ತಿರುಪಿನ ಮುಚ್ಚಳದ್ದು. ಅವನ ತಾಯಿ ಎರಡು ಎಮ್ಮೆ ಕಟ್ಟಿದ್ದಳು. ತುಪ್ಪ ಹರಳು ಹರಳಾಗಿ, ಮೆಂತ್ಯದ ವಾಸನೆಯೊಂದಿಗೆ ಬರುತ್ತಿತ್ತು. ಹುಡುಗನೂ ಹಾಗೇ ಇದ್ದ. ಹದಿನಾರು ವರ್ಷಕ್ಕೇ ಬಾಗಿಲು ತುಂಬುವ ಮೈ, ಮಾತು ಕಡಿಮೆ. ಈ ವರ್ಷ ಅವನನ್ನು ದೊಡ್ಡ ಜೋಡಿಗೆ, ಹೆಸರಾದ ಪೈಲವಾನನ ಎದುರಿಗೆ, ಬಿಡಬೇಕು ಅಂತ ನನ್ನ ಗಂಡ ಅವನ ಮೇಲೆ ಕಣ್ಣಿಟ್ಟಿದ್ದರು.

ಪೈಲವಾನರಿಗೆ ಬಂದ ಖುರಾಕಿಗೆ, ಮೈ ಬೆಳೆಸುವ ಆ ಊಟಕ್ಕೆ, ವಸ್ತಾದರ ಮನೆಯವರು ಕೈ ಹಚ್ಚಬಾರದು. ಇದು ನನ್ನ ಗಂಡ ಮದುವೆಯಾದ ವಾರವೇ ನನಗೆ ಹೇಳಿದ ಮಾತು. ಹುಡುಗರು ತಿಂದು ಮಿಕ್ಕಿದ ರೊಟ್ಟಿ ಆಕಳಿಗೆ ಹೋಗಬೇಕು, ನಮ್ಮ ಬಾಯಿಗೆ ಬರಕೂಡದು. ಅವರು ತಮ್ಮ ಜೀವನದಲ್ಲಿ ಒಂದು ತುತ್ತೂ ಮುಟ್ಟಿದವರಲ್ಲ.

ಆ ಬೇಸಿಗೆಗೆ ಮುಂಚೆ ನನ್ನ ಎರಡು ವರ್ಷದ ಮಗಳಿಗೆ ದಡಾರ ಬಂದು ಹೋಯಿತು. ಜೀವ ಉಳಿಯಿತು, ಮೈ ಉಳಿಯಲಿಲ್ಲ. ಎತ್ತಿಕೊಂಡರೆ ಹತ್ತಿ ಎತ್ತಿಕೊಂಡ ಹಾಗೆ. ಮೆತ್ತಗಿನ ಅನ್ನಕ್ಕೆ ತುಪ್ಪ ಹಾಕಿ ತಿನ್ನಿಸು ಅಂತ ಎಲ್ಲರೂ ಹೇಳಿದರು. ನಮ್ಮ ಮನೆಯಲ್ಲಿ ತುಪ್ಪ ಹಬ್ಬಕ್ಕೆ ಕಾಣುವ ವಸ್ತು. ಒಂದು ಸೋಮವಾರ ಮುದುಕ ಡಬ್ಬಿಗಳನ್ನು ಇಟ್ಟು ಹೋದ. ಹುಡುಗರು ಗೋಡೆಯಾಚೆ ಬೈಠಕ್ ಹೊಡೆಯುತ್ತಿದ್ದರು, ಎಣಿಕೆ ಕೇಳಿಸುತ್ತಿತ್ತು. ನಾನು ಬಬಲೇಶ್ವರದ ಡಬ್ಬಿಯ ಮುಚ್ಚಳ ತಿರುವಿದೆ. ಒಂದು ಚಮಚ ತೆಗೆದೆ. ಮಗಳು ಬಟ್ಟಲು ನೆಕ್ಕಿದಳು.

ಒಂದು ಚಮಚ ಅಂದಿದ್ದೆ. ಮುಂದಿನ ಸೋಮವಾರ ಒಂದು ಬಟ್ಟಲಾಯಿತು, ಅದರ ಮುಂದಿನದಕ್ಕೆ ಅರ್ಧ ಡಬ್ಬಿ. ದೊಡ್ಡ ಮೈಯ ಹುಡುಗ, ಅವನಿಗೇನು ಕಡಿಮೆ ಅಂದುಕೊಂಡೆ. ಉಳಿದವರ ಡಬ್ಬಿ ಸಣ್ಣವು, ಅವನ್ನು ಮುಟ್ಟಲಿಲ್ಲ ಅಂತ ನನ್ನನ್ನೇ ಹೊಗಳಿಕೊಂಡೆ. ಅದೇ ಡಬ್ಬಿ ಹಿಂದಿರುಗುವಾಗ ಅದರೊಳಗೆ ಹಣಮಪ್ಪನ ಮಣ್ಣು ಇಟ್ಟು ಕಳಿಸುತ್ತಿದ್ದೆ. ಮಗಳ ಕೆನ್ನೆಗೆ ಬಣ್ಣ ಬಂತು. ಈ ಮೊಮ್ಮಗಳ ತಾಯಿ ಅವಳೇ.

ಎರಡು ತಿಂಗಳಾಗುವ ಹೊತ್ತಿಗೆ ಹುಡುಗನಿಗೆ ದಮ್ಮು ಸಾಲುತ್ತಿರಲಿಲ್ಲ. ತನಗಿಂತ ಸಣ್ಣವರ ಕೈಯಲ್ಲಿ ಬೀಳುತ್ತಾನೆ ಅಂತ ಗಂಡ ಊಟಕ್ಕೆ ಕೂತಾಗ ಹೇಳಿದರು. ಮನೆಯಿಂದ ತುಪ್ಪ ಸರಿಯಾಗಿ ಬರುತ್ತಿಲ್ಲ ಅಂತ ಕಾಣುತ್ತದೆ, ಅವನ ತಾಯಿಗೆ ಹೇಳಿ ಕಳಿಸು ಅಂದರು. ನಾನು ಹೇಳಿ ಕಳಿಸಿದೆ. ತೆಗೆದುಕೊಂಡವಳು ನಾನು, ಹುಡುಗ ಸೊರಗುತ್ತಿದ್ದಾನೆ, ತುಪ್ಪ ಇನ್ನಷ್ಟು ಕಳಿಸಬೇಕಂತೆ ಅಂತ ಮುದುಕನ ಕೈಯಲ್ಲಿ ಹೇಳಿ ಕಳಿಸಿದವಳೂ ನಾನು.

ಉತ್ತರವಾಗಿ ಆ ತಾಯಿಯೇ ಬಂದಳು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು, ಎತ್ತರದ ಹೆಣ್ಣುಮಗಳು. ಸೋಮವಾರ ಡಬ್ಬಿ ಮುಟ್ಟಿದ ಹಿಂದೆಯೇ ಮುಂದಿನ ಬಸ್ಸಿಗೆ ಬಂದು ನಮ್ಮ ಕಟ್ಟೆಯ ಮೇಲೆ ಕೂತು ವಸ್ತಾದರನ್ನು ಕರೆಸಿದಳು. ಕುತ್ತಿಗೆಮಟ ತುಂಬಿ ಕಳಿಸುತ್ತೇನೆ, ಇವತ್ತೂ ತುಂಬಿ ಕಳಿಸಿದ್ದೇನೆ, ಇದಕ್ಕಿಂತ ಏನು ಕಳಿಸಲಿ ಹೇಳಿರಿ ಅಂದಳು. ಗಂಡ ಹುಡುಗನನ್ನು ಕರೆದರು, ಡಬ್ಬಿ ತರಿಸಿದರು. ಅದರಲ್ಲಿ ಅರ್ಧ ಇತ್ತು. ತನ್ನ ಕೈಗೆ ಬರುವಾಗಲೇ ಅರ್ಧ ಇರುತ್ತದೆ ಅಂತ ಹುಡುಗ ಹೇಳಿದ. ಉಳಿದ ಹುಡುಗರೆಲ್ಲ ಗರಡಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಗಂಡ ನನ್ನ ಕಡೆ ತಿರುಗಿದರು. “ಮುದುಕಾ ತಂದು ಕೊಡೂವಾಗ ತುಂಬಿರತೈತೋ ಇಲ್ಲೋ?”

ಇಲ್ಲ ಅಂದರೆ ಮುದುಕನ ಹೊಟ್ಟೆಯ ಮೇಲೆ ಕಲ್ಲು. ಹೌದು ಅಂದರೆ ಹುಡುಗ ಸುಳ್ಳ. ಮೂರನೆಯ ಉತ್ತರ ನನ್ನ ಸೆರಗಿನ ಹಿಂದೆ ನಿಂತು ಹೆಬ್ಬೆರಳು ಚೀಪುತ್ತಿತ್ತು. “ತುಂಬಿರತೈತ್ರಿ” ಅಂದೆ. ಬಡವ ಮುದುಕನನ್ನು ಉಳಿಸಿದೆ ಅಂತ ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಉಳಿಸಿಕೊಂಡಿದ್ದು ನನ್ನನ್ನು.

ನನ್ನ ಮಾತಿನ ಮೇಲೆ ಅನುಮಾನ ಪಡಬೇಕು ಅನ್ನುವುದು ನನ್ನ ಗಂಡನಿಗೆ ಹೊಳೆಯಲೇ ಇಲ್ಲ. ತುಪ್ಪ ಹೋಟೆಲಿನವರಿಗೆ ಕೊಟ್ಟು ಸಿನಿಮಾ ನೋಡುವ ಹುಡುಗರ ಕಥೆ ಆಗ ಎಲ್ಲ ಗರಡಿಗಳಲ್ಲೂ ಇತ್ತು. ಅವರು ಹುಡುಗನನ್ನು ಒಳಗೆ ಕರೆದುಕೊಂಡು ಹೋಗಿ ಮಣ್ಣಿನ ನಡುವೆ ನಿಲ್ಲಿಸಿದರು. ಗೋಡೆಯಾಚೆಯಿಂದ ನನಗೆ ಕೇಳಿಸಿತು: “ತಾಯಿ ಕಳಿಸಿದ ತುಪ್ಪ ಮಾರಿಕೊಂಡಿ, ಮ್ಯಾಲೆ ಸುಳ್ಳ ಹೇಳಿದಿ. ಕಳ್ಳ ಈ ಮಣ್ಣ ತುಳೀಬಾರದು.” ಮೊಳೆಗೆ ಹಾಕಿದ್ದ ಅವನ ಲಂಗೋಟಿಯನ್ನು ತೆಗೆದು ಅವನ ಕೈಗೆ ಕೊಟ್ಟರಂತೆ. ಹಾಗೆ ಕೊಟ್ಟರೆ ಮತ್ತೆ ಬರಬೇಡ ಅಂತ ಅರ್ಥ.

ಹುಡುಗ ಹೊರಗೆ ಬರುವಾಗ ನನ್ನನ್ನು ಒಮ್ಮೆ ನೋಡಿದ. ಅವನಿಗೆ ಗೊತ್ತಿತ್ತೋ ಇಲ್ಲವೋ, ಇವತ್ತಿಗೂ ನನಗೆ ತಿಳಿಯದು. ತಾಯಿ ತುಪ್ಪವನ್ನು ಅಲ್ಲೇ ಉಳಿದ ಹುಡುಗರ ಡಬ್ಬಿಗಳಿಗೆ ಸುರಿದಳು, ಖಾಲಿ ಡಬ್ಬಿ ಬಗಲಲ್ಲಿ ಇಟ್ಟುಕೊಂಡಳು, ಮಗನ ಕೈ ಹಿಡಿದುಕೊಂಡು ಹೋದಳು.

ಎಂಟು ದಿನ ಕಳೆಯಿತು. ಆರರ ಬದಲು ಐದು ಗಂಟು ಬರುತ್ತಿದ್ದವು. ಒಂಬತ್ತನೆಯ ದಿನ ಮುದುಕ ಆ ಹಿತ್ತಾಳೆ ಡಬ್ಬಿಯನ್ನು ತಂದ. ಬೂದಿ ಹಚ್ಚಿ ತಿಕ್ಕಿ ಬೆಳಗಿದ್ದು, ಒಳಗೆ ಖಾಲಿ. ಹುಡುಗ ಗೋಡೆಗೆ ಮುಖ ಮಾಡಿ ಮಲಗಿದ್ದಾನಂತೆ, ಅನ್ನ ಮುಟ್ಟುತ್ತಿಲ್ಲವಂತೆ, ಗರಡಿಗೆ ಬರುವುದಂತೂ ಬೇಡ, ಹಣೆಗೆ ಹಚ್ಚಲು ಒಂದು ಚಿಟಿಕೆ ಮಣ್ಣಾದರೂ ಕಳಿಸಬಹುದೋ ಅಂತ ತಾಯಿ ಕೇಳಿದ್ದಾಳೆ ಅಂದ.

ಆ ಮಣ್ಣನ್ನು ನನ್ನ ಕೈಯಿಂದ ಸುತ್ತಲಾಗಲಿಲ್ಲ. ಗಂಡನಿಗೆ ಏನೋ ನೆಪ ಹೇಳಿ, ಮಗಳನ್ನು ಬಗಲಿಗೆ ಎತ್ತಿಕೊಂಡು, ಡಬ್ಬಿ ಹಿಡಿದು ಬಬಲೇಶ್ವರದ ಬಸ್ಸು ಹತ್ತಿದೆ.

ಅವಳು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ಕಂಡು ಎದ್ದು ಕಾಲಿಗೆ ನೀರು ಕೊಟ್ಟಳು, ಬೆಲ್ಲ ನೀರು ಕೊಟ್ಟಳು, ಮಗಳ ಕೈಗೆ ಹುರಿದ ಶೇಂಗಾ ಕೊಟ್ಟಳು. ನಾನು ಕುಡಿಯದೆ, ಕೂಡದೆ, ನಿಂತೇ ಹೇಳಿದೆ. ಮೊದಲ ಚಮಚದಿಂದ ಹಿಡಿದು ಎಲ್ಲ ಹೇಳಿದೆ. ಅವಳು ಮೊರದಲ್ಲಿದ್ದ ಕಲ್ಲು ಆರಿಸುವುದನ್ನು ನಿಲ್ಲಿಸಲಿಲ್ಲ.

ಆಮೇಲೆ ನನ್ನ ಮಗಳನ್ನು ನೋಡಿ, “ಕೂಸಿಗೆ ಬೇಕಾಗಿತ್ತಂದ್ರ ಬಾಯಿಲೆ ಒಂದು ಮಾತು ಕೇಳಿದ್ರ ನಿನ್ನ ನಾಲಿಗಿ ಸವೀತಿತ್ತೇನ ತಂಗೀ? ಇನ್ನೊಂದು ಡಬ್ಬಿ ಕಳಿಸ್ತಿದ್ನಲ್ಲ” ಅಂದಳು.

ನಾನು ತಪ್ಪಾಯಿತು ಅಂತ ಅವಳ ಕಾಲಿಗೆ ಬಗ್ಗಿದೆ. ಅವಳು ಕಾಲು ಹಿಂದೆ ತೆಗೆದುಕೊಂಡಳು.

“ನನ್ನ ಮುಂದ ಯಾಕ ಹೇಳತಿ? ನನ್ನ ಮಗಗ ಕಳ್ಳ ಅಂದದ್ದು ಗರಡ್ಯಾಗ, ಹತ್ತ ಹುಡುಗುರ ಮುಂದ. ಅಲ್ಲೇ ಹೇಳು.”

“ಯಕ್ಕಾ, ಹೆಂಗಸರು ಗರಡಿ ಒಳಗ ಹೋಗೂಹಂಗಿಲ್ಲ.”

“ಬಾಗಲಾ ಐತಲ್ಲ” ಅಂದಳು.

ಡಬ್ಬಿಯನ್ನು ಅವಳ ಕಟ್ಟೆಯ ಮೇಲಿಟ್ಟು ಬಂದೆ. ಸಂಜೆಯ ಮುಂದೆ ಗಂಡ ಗರಡಿಗೆ ಹಾಕುವ ಮಣ್ಣನ್ನು ಅಂಗಳದಲ್ಲಿ ಸಾಣಿಸುತ್ತಿದ್ದರು, ಪಕ್ಕದಲ್ಲಿ ಮಜ್ಜಿಗೆ, ಅರಿಶಿನ, ನಿಂಬೆಹಣ್ಣು ಇದ್ದವು. ಅಲ್ಲೇ ಹೇಳಿದೆ. ಅವರು ಹೊಡೆಯುತ್ತಾರೆ ಅಂದುಕೊಂಡಿದ್ದೆ. ಹೊಡೆಯಲಿಲ್ಲ. ಸಾಣಿಗೆ ಕೆಳಗಿಟ್ಟು, ಮುಖ ಒರೆಸಿಕೊಂಡು, ಗರಡಿಯ ಮಾನ ಹೋಯಿತು ಅಂದರು. ಆಮೇಲೆ ಬಹಳ ಸಣ್ಣ ದನಿಯಲ್ಲಿ, “ಡಬ್ಬಿ ತಳಾ ಸೋರತಿತ್ತು ಅಂದ್ರಾತು. ಬ್ಯಾಸಿಗಿ ಐತಿ, ತುಪ್ಪ ಕರಗಿ ಹೋಗೇತಿ. ಹುಡುಗ ತಿರುಗಿ ಬಂದ್ರ ಸಾಕಲ್ಲ” ಅಂದರು.

ಜೀವನದಲ್ಲಿ ಸುಳ್ಳು ಆಡದ ಮನುಷ್ಯ. ನನ್ನಿಂದಾಗಿ ಆ ಮಾತು ಅವರ ಬಾಯಲ್ಲಿ ಬಂತು. ನನಗೆ ಅದು ಗೊತ್ತಾಯಿತು. ಗೊತ್ತಾದರೂ ತಲೆಯಾಡಿಸಿದೆ. ಬಾಗಿಲಲ್ಲಿ ನಿಲ್ಲುವುದು ತಪ್ಪಿತಲ್ಲ ಅಂತ ಒಳಗೊಳಗೆ ಜೀವ ತಣ್ಣಗಾಯಿತು.

ಮರುದಿನ ಅವರು ಹುಡುಗರಿಗೆ ಹಾಗೇ ಹೇಳಿದರು. ಡಬ್ಬಿ ಸೋರುತ್ತಿತ್ತು, ಹುಡುಗನ ತಪ್ಪಿಲ್ಲ, ಕಳಿಸಿರಿ ಅಂತ ಮುದುಕನ ಕೈಯಲ್ಲಿ ಬಬಲೇಶ್ವರಕ್ಕೂ ಹೇಳಿ ಕಳಿಸಿದೆವು.

ಹುಡುಗ ಬರಲಿಲ್ಲ. ಸೋಮವಾರ ಡಬ್ಬಿ ಬಂತು. ಬಿಳಿ ಅರಿವೆಯಲ್ಲಿ ಸುತ್ತಿ, ಮೇಲೆ ಅವಳದೇ ಎರಡು ಸುತ್ತಿನ ಗಂಟು. ಭಾರ ಇತ್ತು. ಅರಿವೆ ಬಿಚ್ಚಿದೆ, ಒಣಗಿತ್ತು. ಮುಚ್ಚಳ ತಿರುವಿದೆ. ಒಳಗೆ ನೀರು, ಬರೇ ನೀರು, ಕುತ್ತಿಗೆಮಟ. ಬಬಲೇಶ್ವರದಿಂದ ವಿಜಾಪುರದ ತನಕ ಕುಲುಕಾಡಿಕೊಂಡು ಬಂದ ಡಬ್ಬಿಯಿಂದ ಒಂದು ಹನಿ ಸೋರಿರಲಿಲ್ಲ.

ಏನಾದರೂ ಹೇಳಿದಳೇ ಅಂತ ಮುದುಕನನ್ನು ಕೇಳಿದೆ. ಏನೂ ಹೇಳಿಲ್ಲವಂತೆ, ಡಬ್ಬಿ ನೆಟ್ಟಗೆ ಇಟ್ಟು ತಗೊಂಡು ಹೋಗು ಅಂದಳಂತೆ ಅಷ್ಟೇ.

ಗಂಡನನ್ನು ಕರೆದು ತೋರಿಸಿದೆ. ಅವರು ಡಬ್ಬಿಯೊಳಗೆ ಬಗ್ಗಿ ನೋಡಿದರು. ಅವರ ಮುಖ ಆ ನೀರಿನಲ್ಲಿ ಕಂಡಿರಬೇಕು. “ನಮ್ಮಿಬ್ಬರನ್ನೂ ಚಿತ್ ಮಾಡ್ಯಾಳ. ಬೆನ್ನ ಮಣ್ಣಿಗೆ ಹತ್ತಿದ ಮ್ಯಾಲೆ ಇನ್ನೇನು ಹೊಳ್ಳಾಡೂದು? ನಾಳೆ ಬಾಗಲಕ ಬಾ” ಅಂದರು.

ಮರುದಿನ ಬೆಳಗ್ಗೆ ಹುಡುಗರಿಗೆ ಮೈಮೇಲೆ ಟವೆಲು ಹೊದ್ದು ಸಾಲಾಗಿ ನಿಲ್ಲಲು ಹೇಳಿದರು. ನಾನು ಹೊರಗಿನ ಮೆಟ್ಟಿಲ ಕೆಳಗೆ ನಿಂತೆ. ಅಷ್ಟು ವರ್ಷ ಚಿಟಿಕೆಯಲ್ಲಿ, ಸಾಣಿಗೆಯಲ್ಲಿ ಮಾತ್ರ ಕಂಡಿದ್ದ ಆ ಮಣ್ಣು ಗರಡಿಯ ತುಂಬ ಹರಡಿದ್ದು ಮೊದಲ ಸಲ ಕಣ್ಣಿಗೆ ಬಿತ್ತು. ಕಲಸಿಟ್ಟ ಅರಿಶಿನ ಕುಂಕುಮದ ಹಾಗೆ ಕೆಂಪಗೆ ಇತ್ತು. ಹುಡುಗರ ಮುಖ ನೋಡಲು ಧೈರ್ಯ ಸಾಲದೆ ನನ್ನ ಕಾಲನ್ನೇ ನೋಡಿಕೊಂಡು ಹೇಳಿದೆ: “ಬಬಲೇಶ್ವರದ ಹುಡುಗನ ತುಪ್ಪ ಕದ್ದಾಕಿ ನಾನು. ಅಂವಾ ಖರೇ ಹೇಳಿದ್ದ. ಡಬ್ಬಿನೂ ಸೋರೂದಿಲ್ಲ. ನಾನ ಸುಳ್ಳಿ.”

ತಿಕೋಟಾದ ಹುಡುಗ, ಸೀದ ರೊಟ್ಟಿ ಬರುತ್ತಿದ್ದವಲ್ಲ ಅವನು, ಬಹಳ ಮರ್ಯಾದೆಯಿಂದ ಕೇಳಿದ: “ಕಾಕೂ, ನಮ್ಮ ಡಬ್ಬ್ಯಾಗಿಂದೂ ತಗೊಂಡಿದ್ರೇನ್ರಿ?”

ಇಲ್ಲಪ್ಪಾ ಅಂದೆ. ಅದು ನಿಜ. ಆದರೆ ನನ್ನ ಇಲ್ಲ ಅನ್ನುವ ಮಾತಿಗೆ ಇನ್ನು ಯಾವ ಬೆಲೆ? ಅವನು ಆಯ್ತು ಅನ್ನುವ ಹಾಗೆ ತಲೆಯಾಡಿಸಿದ. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲ.

ಅದೇ ವಾರ ಬಬಲೇಶ್ವರದ ಹುಡುಗ ಬಂದ. ಗಂಡ ಅವನ ಲಂಗೋಟಿಯನ್ನು ತಾವೇ ಮೊಳೆಗೆ ಹಾಕಿ, ಎಲ್ಲರ ಎದುರಿಗೆ ಅವನ ಹೆಗಲ ಮೇಲೆ ಮಣ್ಣು ಹಾಕಿದರು ಅಂತ ಕೇಳಿದೆ. ಎರಡು ವರ್ಷ ಇದ್ದ. ನನ್ನ ಜೊತೆ ಮೊದಲಿನ ಹಾಗೆಯೇ, ಕೇಳಿದ್ದಕ್ಕೆ ಉತ್ತರ. ಅವನ ತಾಯಿ ಸಿದ್ಧೇಶ್ವರ ಗುಡಿಗೆ ಬಂದಾಗಲೆಲ್ಲ ನಮ್ಮ ಕಟ್ಟೆಗೂ ಬರುತ್ತಿದ್ದಳು. ಕೂಸು ಹೇಗಿದೆ ಅನ್ನುತ್ತಿದ್ದಳು, ಉಡಿಯಿಂದ ಸೌತೆಕಾಯಿ ತೆಗೆದು ಕೊಡುತ್ತಿದ್ದಳು, ನಗುತ್ತಿದ್ದಳು ಕೂಡ. ಆದರೆ ಮಗನ ಬುತ್ತಿ ಅವನ ಕೈಗೇ ಮುಟ್ಟಬೇಕು ಅಂತ ಬಸ್ಸಿನವರಿಗೂ ಮುದುಕನಿಗೂ ಹೇಳಿಟ್ಟಿದ್ದಳು. ಮೊದಲ ದಿನ ಮುದುಕ ಐದು ಗಂಟು ನನ್ನ ಮುಂದಿಟ್ಟು, ಆರನೆಯದನ್ನು ಹಿಡಿದುಕೊಂಡು, “ಇದೊಂದು... ಹಿಂಗ ಹೇಳ್ಯಾರವ್ವಾ” ಅಂದ. ನಾನು ದಾರಿ ಬಿಟ್ಟೆ.

ಒಮ್ಮೆ ಹುಡುಗರೆಲ್ಲ ಭೂತನಾಳದ ಕೆರೆಯ ತನಕ ಓಡಲು ಹೋಗಿದ್ದರು, ಬರುವುದು ತಡವಾಯಿತು. ಮುದುಕನಿಗೆ ಇನ್ನೂ ಹತ್ತು ಮನೆ ಮುಟ್ಟಿಸುವುದಿತ್ತು. ಬಿಸಿಲು ಏರಿತ್ತು. ನಾನು ಚಹಾ ತಂದು ಕೊಟ್ಟೆ. ಅವನು ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ಕೈ ಅದರ ಮೇಲಿಟ್ಟು, ಇನ್ನೊಂದು ಕೈಯಲ್ಲಿ ಬಸಿಯಿಂದ ಚಹಾ ಕುಡಿದ. ಮಳೆಯ ಮಾತು ಆಡಿದ, ಕಣ್ಣು ನೋವಿನ ಮಾತು ಆಡಿದ. ಇಟ್ಟು ಹೋಗು ಅಂತ ನಾನು ಅನ್ನಲಿಲ್ಲ. ಇಡಲೇ ಅಂತ ಅವನೂ ಕೇಳಲಿಲ್ಲ. ಹುಡುಗರ ಕಾಲಿನ ಸಪ್ಪಳ ಓಣಿಯಲ್ಲಿ ಕೇಳುವ ತನಕ ಇಬ್ಬರೂ ಹಾಗೇ ಕೂತಿದ್ದೆವು.